ಕಾರು ತಾನೇ ಬ್ರೇಕ್ ಹಾಕಿತು, ಏಕೆ?

ಕಳೆದ ತಿಂಗಳು ಮನೆಯವರೆಲ್ಲ ಹೊಸ ಕಾರಿನಲ್ಲಿ ಹೋಗಿ ಹಿಂತಿರುಗುತ್ತಿದ್ದೆವು. ಮನೆಗೆ ಇನ್ನೆರಡು ತಿರುವು ಉಳಿದಿದ್ದಾಗ ಕಾರು ಗಕ್ಕನೆ ವೇಗ ಕಳೆದುಕೊಂಡಿತು. ನಾನು ಬ್ರೇಕ್ ಮುಟ್ಟಿರಲಿಲ್ಲ. ಫಲಕದಲ್ಲಿ ಕೆಂಪು ಚಿತ್ರವೊಂದು ಮಿಂಚಿ ಮಾಯವಾಯಿತು, ಹಿಂದಿನ ಸೀಟಿನ ಮೇಲಿದ್ದ ಚೀಲ ಕೆಳಗುರುಳಿತು, ಆಮೇಲೆ ಕಾರು ಏನೂ ಆಗದಂತೆ ಮುಂದೆ ಸಾಗಿತು. ತಿರುವಿನ ಹೊರ ಅಂಚಿನಲ್ಲಿ ನಿಲ್ಲಿಸಿದ್ದ ಒಂದು ವ್ಯಾನು ಬಿಟ್ಟರೆ ರಸ್ತೆ ಖಾಲಿಯಾಗಿತ್ತು.

ಊಟದ ಹೊತ್ತಿಗೆ ಮನೆಯಲ್ಲಿ ಪಕ್ಷಗಳು ಏರ್ಪಟ್ಟಿದ್ದವು. ನಲವತ್ತು ವರ್ಷ ವಾಹನ ಓಡಿಸಿದ ಮಾವನವರದು ಒಂದೇ ಪಟ್ಟು: ‘ಓಡಿಸುವವನನ್ನು ಕೇಳದೆ ಬ್ರೇಕ್ ಹಾಕುವ ಗಾಡಿಯನ್ನು ನಂಬಬಾರದು, ಅದರ ಸ್ವಿಚ್ ಆರಿಸಿಬಿಡಿ.’ ಈಗಷ್ಟೇ ಕಾರು ಕಲಿಯುತ್ತಿರುವ ಮಗಳು, ‘ಅದು ಸೆಕೆಂಡಿಗೆ ಹತ್ತಾರು ಸಲ ರಸ್ತೆ ನೋಡುತ್ತದೆ ತಾತ, ನಮ್ಮೆಲ್ಲರಿಗಿಂತ ಚೆನ್ನಾಗಿಯೇ ನೋಡುತ್ತದೆ’ ಎಂದಳು. ನನ್ನ ಮನಸ್ಸಿನಲ್ಲಿ ಇದ್ದದ್ದು, ಬಾಯಿಬಿಟ್ಟು ಹೇಳದೆ ಇದ್ದದ್ದು ಇನ್ನೊಂದು: ಇಷ್ಟೆಲ್ಲ ತಾನೇ ಮಾಡುವುದಾದರೆ ಹೆದ್ದಾರಿಯಲ್ಲಿ ಒಂದು ಸಂದೇಶ ಓದಿಕೊಂಡರೆ ತಪ್ಪೇನು? ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ನನ್ನದರಲ್ಲಿ ಎಲ್ಲಕ್ಕಿಂತ ಕಡಿಮೆ. ಏಕೆ ಎಂಬುದು ಕಾರಿನ ಒಳಹೊಕ್ಕು ನೋಡಿದರೆ ತಿಳಿಯುತ್ತದೆ.

ಎರಡು ಬಗೆಯ ಸಹಾಯಕರು

ಇಂಥ ಸೌಲಭ್ಯಗಳಿಗೆಲ್ಲ ಒಟ್ಟಾಗಿ ಇರುವ ಹೆಸರು ‘ಚಾಲಕ ಸಹಾಯಕ ವ್ಯವಸ್ಥೆ’. ಮಾರಾಟ ಮಳಿಗೆಗಳಲ್ಲಿ ‘ಅಡಾಸ್’ ಎಂಬ ಚುಟುಕು ಹೆಸರು ಕಿವಿಗೆ ಬೀಳುತ್ತದೆ. ಒಂದೊಂದು ಕಂಪನಿಯೂ ತನ್ನ ವ್ಯವಸ್ಥೆಗೆ ಬೇರೆ ಬೇರೆ ಆಕರ್ಷಕ ಹೆಸರಿಟ್ಟಿರುವುದರಿಂದ ಗೊಂದಲ ಹೆಚ್ಚು. ಹೆಸರುಗಳನ್ನು ಬದಿಗಿಟ್ಟು ಕೆಲಸವನ್ನು ನೋಡಿದರೆ ಎರಡೇ ಬಗೆ ಕಾಣುತ್ತವೆ.

ಒಂದು ಬಗೆಯವು ಸುಮ್ಮನೆ ಕಾದು ಕುಳಿತು, ಅಪಾಯ ಬಂದಾಗ ಮಾತ್ರ ಕೈ ಹಾಕುವಂಥವು. ಗಟ್ಟಿಯಾಗಿ ಬ್ರೇಕ್ ತುಳಿದಾಗ ಚಕ್ರಗಳು ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಈ ಕುಲದ ಹಿರಿಯ. 1978ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರುಗಳಿಗೆ ಬಂದ ಇದು ಇಂದು ನಾವು ಗಮನಿಸದಷ್ಟು ಮಾಮೂಲಾಗಿದೆ. ಕಾರು ಅಡ್ಡಡ್ಡ ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಒತ್ತಿ ನೇರಗೊಳಿಸುವ ಸ್ಥಿರತಾ ನಿಯಂತ್ರಣ 1995ರಲ್ಲಿ ಬಂದಿತು. ನಮ್ಮನ್ನು ಬೆಚ್ಚಿಬೀಳಿಸಿದ ಸ್ವಯಂಚಾಲಿತ ತುರ್ತು ಬ್ರೇಕ್ ಇದೇ ವಂಶದ್ದು.

ಇನ್ನೊಂದು ಬಗೆಯವು ನಮ್ಮ ಕೆಲಸವನ್ನೇ ವಹಿಸಿಕೊಂಡು ಸತತವಾಗಿ ಮಾಡುವಂಥವು: ಮುಂದಿನ ವಾಹನದೊಂದಿಗೆ ಅಂತರ ಕಾಯ್ದುಕೊಂಡು ವೇಗ ಹೊಂದಿಸುವುದು, ಲೇನಿನ ನಡುವೆ ಸ್ಟಿಯರಿಂಗ್ ಹಿಡಿದಿಡುವುದು. ಮೊದಲನೆಯದು ಬಾವಿಕಟ್ಟೆಯಂತೆ, ಬೀಳುವವರೆಗೆ ಅದರ ನೆನಪೇ ಬರುವುದಿಲ್ಲ. ಎರಡನೆಯದು ದಾರಿ ಬಲ್ಲ ಎತ್ತುಗಳಂತೆ. ಗಾಡಿ ಅವುಗಳ ಪಾಡಿಗೆ ಸಾಗುತ್ತದೆ, ಹೊಡೆಯುವವನಿಗೆ ತೂಕಡಿಕೆ ಬರುತ್ತದೆ. ಒಂದೇ ಕ್ಯಾಮೆರಾ, ಒಂದೇ ಕಂಪ್ಯೂಟರ್ ಎರಡನ್ನೂ ನಡೆಸುವುದರಿಂದ ನಾವು ಇವನ್ನು ಒಂದೇ ಎಂದು ತಿಳಿಯುತ್ತೇವೆ. ಊಟದ ಹೊತ್ತಿನ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲಿ.

ಕಾರಿನ ಕಣ್ಣು, ಕಾರಿನ ಕಿವಿ

ಒಳಗಿನ ಕನ್ನಡಿಯ ಹಿಂಬದಿಯಲ್ಲಿ, ಗಾಜಿಗೆ ಅಂಟಿಕೊಂಡಂತೆ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದು ಕ್ಯಾಮೆರಾ. ಅದಕ್ಕೆ ಸಿಗುವುದು ಬಣ್ಣದ ಚುಕ್ಕೆಗಳ ಚಿತ್ರವಷ್ಟೇ. ಇದು ಮನುಷ್ಯ, ಇದು ಸೈಕಲ್, ಇದು ರಸ್ತೆಯ ಬಿಳಿಗೆರೆ ಎಂದು ಗುರುತಿಸುವುದು ಅಪಾರ ಸಂಖ್ಯೆಯ ಚಿತ್ರಗಳಿಂದ ಪಾಠ ಕಲಿತ ತಂತ್ರಾಂಶ. ಮಗುವಿಗೆ ನಾವು ‘ನಾಯಿ’ಯ ವ್ಯಾಖ್ಯೆ ಹೇಳಿಕೊಡುವುದಿಲ್ಲ, ಹತ್ತು ನಾಯಿ ತೋರಿಸುತ್ತೇವೆ, ಹಾಗೆಯೇ. ವ್ಯತ್ಯಾಸವೆಂದರೆ ಹತ್ತು ನಾಯಿ ನೋಡಿದ ಮಗು ಕೊಡೆ ಹಿಡಿದು ನಿಂತ ನಾಯಿಯ ಚಿತ್ರವನ್ನೂ ಗುರುತಿಸಿ ನಗುತ್ತದೆ. ತಂತ್ರಾಂಶಕ್ಕೆ ತಾನು ಕಂಡದ್ದಕ್ಕಿಂತ ತೀರಾ ಬೇರೆಯಾದದ್ದು ಎದುರಾದರೆ ಕಷ್ಟ. ಎದುರು ಬಿಸಿಲು, ಜಡಿಮಳೆ, ಕೆಸರು ಮೆತ್ತಿದ ಗಾಜು, ಮಾಸಿದ ಗೆರೆಗಳು ನಮ್ಮ ಕಣ್ಣಿಗೆ ಹೇಗೋ ಅದಕ್ಕೂ ಹಾಗೆಯೇ ತೊಡಕು.

ಎರಡನೆಯದು ರೇಡಾರ್. ಸಾಮಾನ್ಯವಾಗಿ ಮುಂಭಾಗದ ಲಾಂಛನದ ಹಿಂದೆ ಅಥವಾ ಬಂಪರಿನೊಳಗೆ ಅಡಗಿರುತ್ತದೆ. ಇದು ರೇಡಿಯೊ ತರಂಗ ಕಳುಹಿಸಿ ಅದರ ಪ್ರತಿಧ್ವನಿಗೆ ಕಾಯುತ್ತದೆ. ತರಂಗದ ವೇಗ ಬೆಳಕಿನದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 150 ಮೀಟರ್ ಮುಂದಿರುವ ಲಾರಿಗೆ ಬಡಿದು ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಸಾಕು. ಅಷ್ಟು ಚಿಕ್ಕ ಹೊತ್ತನ್ನು ಅಳೆದರೆ ದೂರ ಸಿಕ್ಕಿತು. ವೇಗವನ್ನು ಅಳೆಯುವ ಉಪಾಯ ಇನ್ನೂ ಚಂದ. ರೈಲು ಹತ್ತಿರ ಬರುವಾಗ ಶಿಳ್ಳೆಯ ಸ್ವರ ಏರಿ, ದಾಟಿ ಹೋದೊಡನೆ ಇಳಿಯುವುದನ್ನು ಕೇಳಿದ್ದೇವಲ್ಲ, ಪ್ರತಿಧ್ವನಿಯ ಶ್ರುತಿಯೂ ಹಾಗೆಯೇ ಬದಲಾಗುತ್ತದೆ. ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದರಿಂದ ಎದುರಿನ ವಸ್ತು ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಎಂದು ತಿಳಿಯುತ್ತದೆ. ಮಂಜು, ಕತ್ತಲೆ ಇದಕ್ಕೆ ಲೆಕ್ಕಕ್ಕಿಲ್ಲ. ಆದರೆ ವಸ್ತುವಿನ ಆಕಾರ ಇದಕ್ಕೆ ಸರಿಯಾಗಿ ತಿಳಿಯದು. ಅಲ್ಲೊಂದು ಗಟ್ಟಿ ವಸ್ತುವಿದೆ ಎಂಬುದು ಗೊತ್ತಾಗುತ್ತದೆ, ಅದೇನೆಂಬುದು ಅಷ್ಟಕ್ಕಷ್ಟೆ.

ಬಂಪರಿನ ಮೇಲೆ ಕಾಣುವ ಗುಂಡಿಯಂಥ ಬಿಲ್ಲೆಗಳು ಬಾವಲಿಯಂತೆ ನಮಗೆ ಕೇಳಿಸದ ಸದ್ದಿನಿಂದ ದೂರ ಅಳೆಯುತ್ತವೆ. ಅವುಗಳ ವ್ಯಾಪ್ತಿ ಕೆಲವೇ ಮೀಟರ್, ಕೆಲಸ ಕಾರು ನಿಲ್ಲಿಸುವಾಗ. ಕೆಲವು ದುಬಾರಿ ಕಾರುಗಳಲ್ಲಿ ಲೇಸರ್ ಬೆಳಕಿನಿಂದ ಸುತ್ತಲಿನ ನಕ್ಷೆ ಬಿಡಿಸುವ ಲೈಡಾರ್ ಕೂಡ ಇರುತ್ತದೆ.

ಇನ್ನೆಷ್ಟು ಸೆಕೆಂಡು ಉಳಿದಿದೆ?

ತುರ್ತು ಬ್ರೇಕಿನ ತಲೆಯಲ್ಲಿ ಓಡುವ ಮುಖ್ಯ ಲೆಕ್ಕ ಶಾಲೆಯ ಭಾಗಾಕಾರ: ದೂರವನ್ನು ವೇಗದಿಂದ ಭಾಗಿಸಿದರೆ ಡಿಕ್ಕಿಗೆ ಉಳಿದಿರುವ ಸಮಯ.

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 28 ಮೀಟರ್ ಮುಂದೆ ನಿಂತ ವಾಹನವೊಂದಿದ್ದರೆ ನಮ್ಮ ಬಳಿ 2 ಸೆಕೆಂಡು ಇದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನ ಕಾರು ಈ ವೇಗದಿಂದ ನಿಲ್ಲಲು ಸುಮಾರು 12 ಮೀಟರ್ ಸಾಕು. ಹಾಗಾದರೆ ಚಿಂತೆಯಿಲ್ಲ ಎನ್ನಬಹುದು. ಆದರೆ ಅನಿರೀಕ್ಷಿತವಾದದ್ದನ್ನು ಕಂಡು, ಅರ್ಥ ಮಾಡಿಕೊಂಡು, ಕಾಲನ್ನು ಬ್ರೇಕಿಗೆ ಒಯ್ಯಲು ಮನುಷ್ಯನಿಗೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 21 ಮೀಟರ್ ಕಳೆದಿರುತ್ತದೆ. ಉಳಿದದ್ದು 7 ಮೀಟರ್, ಬೇಕಾದದ್ದು 12.

ಯಂತ್ರಕ್ಕೆ ಈ ತಡ ಸೆಕೆಂಡಿನ ಸಣ್ಣ ಭಾಗದಷ್ಟು ಮಾತ್ರ. ಆದರೂ ಅದು ಕಂಡ ಕೂಡಲೇ ಬ್ರೇಕ್ ಒತ್ತುವುದಿಲ್ಲ, ಏಕೆಂದರೆ ಚಾಲಕ ಪಕ್ಕಕ್ಕೆ ತಿರುಗಿಸುವ ಯೋಚನೆಯಲ್ಲಿರಬಹುದು. ಆದ್ದರಿಂದ ಮೊದಲು ಕೂಗಿ ಎಚ್ಚರಿಸುತ್ತದೆ. ಬ್ರೇಕಿನ ದ್ರವದಲ್ಲಿ ಒತ್ತಡ ತುಂಬಿಕೊಂಡು ಸಿದ್ಧವಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ತಪ್ಪಿಸಿಕೊಳ್ಳುವುದು ಕಷ್ಟ ಎನ್ನುವ ಹಂತಕ್ಕೆ ಬಂದಾಗ ಪೂರ್ತಿ ಬಲ ಹಾಕುತ್ತದೆ. ಕೊನೆಯ ಕ್ಷಣದ ಆ ಹೊಡೆತ ಒರಟಾಗಿ ತೋರುವುದು ಇದರಿಂದಲೇ.

ಇದೇ ಲೆಕ್ಕವನ್ನು 100 ಕಿ.ಮೀ. ವೇಗಕ್ಕೆ ಹಾಕೋಣ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ, ಸುಮಾರು 48 ಮೀಟರ್. ಡಿಕ್ಕಿಗೆ ಒಂದು ಸೆಕೆಂಡು ಇರುವಾಗ, ಅಂದರೆ 28 ಮೀಟರ್ ದೂರದಲ್ಲಿ ಪೂರ್ತಿ ಬ್ರೇಕ್ ಬಿದ್ದರೂ ಕಾರು ನಿಲ್ಲದು. ಗಂಟೆಗೆ 65 ಕಿ.ಮೀ. ಆಸುಪಾಸಿನ ವೇಗದಲ್ಲಿ ಬಡಿಯುತ್ತದೆ. ಹಾಗಿದ್ದೂ ಪ್ರಯೋಜನವಿಲ್ಲದಿಲ್ಲ: ಅಷ್ಟರಲ್ಲಿ ಕಾರಿನ ಚಲನಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿ ಹೋಗಿರುತ್ತದೆ. ಅಪಘಾತ ತಪ್ಪಲಿಲ್ಲ, ಪೆಟ್ಟು ತಗ್ಗಿತು.

ಹಗ್ಗವೋ ಹಾವೋ

ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದು ಹಾರುವುದು ಒಂದು ತಪ್ಪು, ಹಾವನ್ನು ಹಗ್ಗವೆಂದು ತಿಳಿದು ತುಳಿಯುವುದು ಇನ್ನೊಂದು ತಪ್ಪು. ಕಾರಿನ ಎಂಜಿನಿಯರರ ಪೂರಾ ಸಂಕಟ ಈ ಎರಡರ ನಡುವಿನದು. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಹೆಚ್ಚುತ್ತದೆ.

ನಮ್ಮ ಕಾರು ಆ ಸಂಜೆ ಕಂಡದ್ದು ಹಗ್ಗವನ್ನು. ತಿರುವಿಗೆ ಬರುವಾಗ ಕಾರಿನ ಮೂಗು ಒಂದು ಕ್ಷಣ ನೇರವಾಗಿ ನಿಂತ ವ್ಯಾನಿನ ಕಡೆ ಇರುತ್ತದೆ. ನಾನು ಇನ್ನೇನು ಸ್ಟಿಯರಿಂಗ್ ತಿರುಗಿಸುತ್ತೇನೆ ಎಂಬುದು ನನಗೆ ಗೊತ್ತು, ಕಾರಿಗೆ ಗೊತ್ತಿಲ್ಲ. ಚಕ್ರಗಳ ಈಗಿನ ದಿಕ್ಕು ಹಿಡಿದು ಮುಂದಿನ ದಾರಿಯನ್ನು ಊಹಿಸುವುದಷ್ಟೇ ಅದರ ಕೈಲಿರುವುದು. ಆ ಊಹೆಯ ಪ್ರಕಾರ ವ್ಯಾನು ನಮ್ಮ ದಾರಿಯಲ್ಲೇ ಇತ್ತು. ನಾನು ತಿರುವಿಗೆ ಕೊಂಚ ವೇಗವಾಗಿ ಬಂದು ತಡವಾಗಿ ತಿರುಗಿಸಿದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಮಾವನವರಿಗೆ ಇದನ್ನು ಇನ್ನೂ ಹೇಳಿಲ್ಲ.

ಹಾವನ್ನು ಹಗ್ಗವೆನ್ನುವ ತಪ್ಪು ಹೆಚ್ಚು ಗಂಭೀರ. ಹೆದ್ದಾರಿಯಲ್ಲಿ ಹೋಗುವಾಗ ರೇಡಾರಿಗೆ ಫಲಕಗಳು, ಸೇತುವೆಗಳು, ನೆಲದ ಕಬ್ಬಿಣದ ಮುಚ್ಚಳಗಳು ಎಲ್ಲವೂ ಪ್ರತಿಧ್ವನಿ ಕೊಡುತ್ತಲೇ ಇರುತ್ತವೆ. ಅದರ ಮಟ್ಟಿಗೆ ಇವೆಲ್ಲ ನಮ್ಮತ್ತ ಒಂದೇ ವೇಗದಲ್ಲಿ ಧಾವಿಸಿ ಬರುವ ನಿಶ್ಚಲ ವಸ್ತುಗಳು. ಎತ್ತರವನ್ನು ಸರಿಯಾಗಿ ಅಳೆಯಲಾರದ ರೇಡಾರಿಗೆ ತಲೆಯ ಮೇಲಿನ ಸೇತುವೆಯೂ ಮುಂದೆ ನಿಂತ ಲಾರಿಯೂ ಒಂದೇ. ಪ್ರತಿ ಸೇತುವೆಗೂ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದುತ್ತದೆ. ಹೀಗಾಗಿ ಅನೇಕ ವ್ಯವಸ್ಥೆಗಳು ವೇಗ ಹೆಚ್ಚಿದ್ದಾಗ ನಿಶ್ಚಲ ವಸ್ತುಗಳ ಸುದ್ದಿಯನ್ನು ಬಹುಮಟ್ಟಿಗೆ ತಳ್ಳಿಹಾಕುತ್ತವೆ, ಕ್ಯಾಮೆರಾ ಸಾಕ್ಷಿ ಹೇಳಿದರೆ ಮಾತ್ರ ನಂಬುತ್ತವೆ. ಚಲಿಸುವ ವಾಹನದ ಹಿಂದೆ ಸಲೀಸಾಗಿ ಸಾಗುವ ಕಾರು, ರಸ್ತೆಯಲ್ಲಿ ಕೆಟ್ಟು ನಿಂತ ವಾಹನಕ್ಕೆ ಹೋಗಿ ಬಡಿಯುವ ಘಟನೆಗಳ ಹಿಂದೆ ಬಹಳ ಸಲ ಇರುವುದು ಈ ರಾಜಿ. ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ. ಕೈಪಿಡಿಯನ್ನು ನಾವು ತೆರೆದಿರುವುದಿಲ್ಲ.

ಇಷ್ಟಾದರೂ ಒಟ್ಟು ಲೆಕ್ಕ ತುರ್ತು ಬ್ರೇಕಿನ ಪರವಾಗಿಯೇ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನದಲ್ಲಿ, ಎಚ್ಚರಿಕೆ ಮತ್ತು ತುರ್ತು ಬ್ರೇಕ್ ಎರಡೂ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಕರಣಗಳು ಸುಮಾರು ಅರ್ಧದಷ್ಟು ಕಡಿಮೆ ಎಂದು ಕಂಡುಬಂತು. ಪಾದಚಾರಿಗಳಿಗೆ ಗುದ್ದುವುದು 27 ಶೇಕಡಾ ಕಡಿಮೆ. ಆದರೆ ಅದೇ ಸಂಸ್ಥೆ 2022ರಲ್ಲಿ ಹೇಳಿದ ಇನ್ನೊಂದು ಮಾತನ್ನು ಮರೆಯಬಾರದು: ದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ಪಾದಚಾರಿಗಳ ಮಟ್ಟಿಗೆ ಈ ಲಾಭ ಕಾಣಲಿಲ್ಲ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ತುರ್ತು ಬ್ರೇಕ್ ಕಡ್ಡಾಯ. ಅಮೆರಿಕ 2029ರ ಸೆಪ್ಟೆಂಬರಿನ ಗಡುವು ಇಟ್ಟುಕೊಂಡು, ಇರುಳಿನಲ್ಲೂ ಪಾದಚಾರಿಯನ್ನು ಗುರುತಿಸಬೇಕು ಎಂಬ ಷರತ್ತನ್ನೂ ಸೇರಿಸಿದೆ.

ಕಣ್ಣಿಲ್ಲದವರು ಕೊಟ್ಟ ಸೌಕರ್ಯ

ಈಗ ಎರಡನೆಯ ಬಗೆ. ಇದರ ಮೂಲಪುರುಷ ಕ್ರೂಸ್ ಕಂಟ್ರೋಲ್. ಅದನ್ನು ರೂಪಿಸಿದ ಅಮೆರಿಕದ ರಾಲ್ಫ್ ಟೀಟರ್ ಐದನೆಯ ವಯಸ್ಸಿನಿಂದ ದೃಷ್ಟಿ ಇಲ್ಲದವರು. ಕಾರು ಓಡಿಸುತ್ತಿದ್ದ ಅವರ ವಕೀಲರು ಮಾತನಾಡುವಾಗ ನಿಧಾನಿಸಿ, ಕೇಳಿಸಿಕೊಳ್ಳುವಾಗ ವೇಗ ಏರಿಸುತ್ತಿದ್ದರಂತೆ. ಆ ಜಗ್ಗಾಟಕ್ಕೆ ಬೇಸತ್ತು ಟೀಟರ್ ಈ ಉಪಕರಣದ ಯೋಚನೆ ಮಾಡಿದರು ಎಂಬ ಕಥೆ ಪ್ರಸಿದ್ಧ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಮಾರಾಟಕ್ಕೆ ಬಂದಿತು. ಅದು ಇಟ್ಟ ವೇಗದಲ್ಲೇ ಹೋಗುತ್ತಿತ್ತು, ಮುಂದೆ ಏನಿದ್ದರೂ. 1999ರಲ್ಲಿ ಮರ್ಸಿಡಿಸ್ ಇದಕ್ಕೆ ರೇಡಾರ್ ಜೋಡಿಸಿದ ಮೇಲೆ ಮುಂದಿನ ವಾಹನ ನಿಧಾನಿಸಿದರೆ ತಾನೂ ನಿಧಾನಿಸಲು ಕಲಿಯಿತು. ಇಂದು ಅದರ ಜೊತೆಗೆ ಲೇನಿನ ಗೆರೆಗಳನ್ನು ಹಿಡಿದು ಸ್ಟಿಯರಿಂಗ್ ತಿರುಗಿಸುವ ಕ್ಯಾಮೆರಾವೂ ಸೇರಿದೆ.

ಇವೆರಡೂ ಸೇರಿದ ಕಾರಿನಲ್ಲಿ ಒಂದು ಗಂಟೆ ಹೋಗಿ ಬಂದವರಿಗೆ ‘ಇದು ತಾನೇ ಓಡುತ್ತದೆ’ ಎಂಬ ಭಾವನೆ ಬರುವುದು ಸಹಜ. ನನಗೂ ಬಂದಿತ್ತು. ಆದರೆ ಇಲ್ಲಿ ಪಾತ್ರಗಳು ಅದಲುಬದಲಾಗಿವೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ತುರ್ತು ಬ್ರೇಕಿನಲ್ಲಿ ನಾನು ಓಡಿಸುತ್ತೇನೆ, ಯಂತ್ರ ನನ್ನ ತಪ್ಪನ್ನು ಕಾಯುತ್ತದೆ. ಇಲ್ಲಿ ಯಂತ್ರ ಓಡಿಸುತ್ತದೆ, ಅದರ ತಪ್ಪನ್ನು ನಾನು ಕಾಯಬೇಕು. ಕಾಯುವ ಕೆಲಸದಲ್ಲಿ ಯಂತ್ರ ಎಷ್ಟು ನಿಪುಣವೋ ಮನುಷ್ಯ ಅಷ್ಟೇ ದಡ್ಡ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು

ಇದು ಹಳೆಯ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮುಂದೆ ಕುಳಿತ ಬ್ರಿಟಿಷ್ ಸಿಬ್ಬಂದಿ, ಎದುರಿಗೇ ಮೂಡಿದ ಸಂಕೇತಗಳನ್ನು ಗಮನಿಸದೆ ಬಿಡುತ್ತಿದ್ದರು. ಕಾರಣ ಹುಡುಕಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಃಶಾಸ್ತ್ರಜ್ಞರು ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿದರು. ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಜಿಗಿದಾಗ ಗುಂಡಿ ಒತ್ತುವುದಷ್ಟೇ ಕೆಲಸ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೇಳುವುದು ಇಷ್ಟು: ಮೊದಲ ಅರ್ಧ ಗಂಟೆಯೊಳಗೇ ಜನರ ಗಮನ ಕುಸಿಯುತ್ತದೆ. ಅವರು ಸೋಮಾರಿಗಳಾಗಿರಲಿಲ್ಲ, ನಿದ್ದೆಗೆಟ್ಟವರೂ ಆಗಿರಲಿಲ್ಲ. ಅಪರೂಪಕ್ಕೆ ಆಗುವುದೊಂದನ್ನು ಏನೂ ಮಾಡದೆ ಕಾಯುವುದು ನಮ್ಮ ಮೆದುಳಿಗೆ ಒಗ್ಗದ ಕೆಲಸ.

ಲೇನ್ ಹಿಡಿದು ಸಾಗುವ ಕಾರು ನಮ್ಮನ್ನು ಆ ಗಡಿಯಾರದ ಮುಂದೆ ಕೂರಿಸುತ್ತದೆ. ಸಾವಿರ ಕಿಲೋಮೀಟರ್ ತಪ್ಪಿಲ್ಲದೆ ಹೋದ ಮೇಲೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಕಾರು ಚೆನ್ನಾಗಿದ್ದಷ್ಟೂ ಈ ಸೆಳೆತ ಹೆಚ್ಚು. ಗಂಟೆಗೆ 100 ಕಿ.ಮೀ.ಯಲ್ಲಿ ಸಂದೇಶ ಓದಲು ಐದು ಸೆಕೆಂಡು ತಲೆ ಬಗ್ಗಿಸಿದರೆ ಸುಮಾರು 140 ಮೀಟರ್ ಕಳೆದಿರುತ್ತದೆ. ನನ್ನ ಗುಟ್ಟಿನ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ತಯಾರಕರಿಗೆ ಇದು ತಿಳಿಯದ್ದೇನಲ್ಲ. ಸ್ಟಿಯರಿಂಗ್ ಮೇಲೆ ಕೈಯಿದೆಯೇ ಎಂದು ಕಾರು ಆಗಾಗ ಪರೀಕ್ಷಿಸುತ್ತದೆ. ಹಳೆಯ ವಿಧಾನದಲ್ಲಿ ಅದು ಅಳೆಯುವುದು ಸಣ್ಣ ತಿರುಚುವಿಕೆಯನ್ನು. ಕೈ ಸುಮ್ಮನೆ ಇಟ್ಟರೆ ತಿಳಿಯದೆ ‘ಕೈ ಇಡಿ’ ಎಂದು ಗದರುತ್ತದೆ. ಹೊಸ ಕಾರುಗಳಲ್ಲಿ ಚಾಲಕನ ಮುಖದತ್ತ ಅವಗೆಂಪು (ಇನ್‌ಫ್ರಾರೆಡ್) ಕ್ಯಾಮೆರಾ ಇರುತ್ತದೆ, ಕಣ್ಣು ರಸ್ತೆಯ ಮೇಲಿದೆಯೇ ಎಂದು ನೋಡುತ್ತದೆ. ಕೈಗಿಂತ ಕಣ್ಣನ್ನು ಕಾಯುವುದು ಒಳ್ಳೆಯದು, ಏಕೆಂದರೆ ಸ್ಟಿಯರಿಂಗ್ ಹಿಡಿದುಕೊಂಡೇ ಫೋನ್ ನೋಡುವ ಕಲೆ ಯಾರಿಗೆ ತಿಳಿಯದು? ಆದರೂ ಮೇಲೆ ಹೇಳಿದ ಅದೇ ವಿಮಾ ಸಂಸ್ಥೆ 2024ರಲ್ಲಿ, ವೇಗ ಮತ್ತು ಸ್ಟಿಯರಿಂಗ್ ಎರಡನ್ನೂ ವಹಿಸಿಕೊಳ್ಳುವ ಈ ಅರೆ ಸ್ವಯಂಚಾಲನೆ ಅಪಘಾತ ತಡೆಯುತ್ತದೆ ಎನ್ನಲು ಹೆಚ್ಚಿನ ಪುರಾವೆ ಸಿಕ್ಕಿಲ್ಲ ಎಂದಿತು. ಇದನ್ನು ಸುರಕ್ಷತೆಯ ಸಾಧನಕ್ಕಿಂತ ಕಿಟಕಿ ಗಾಜು ಏರಿಸುವ ಗುಂಡಿಯಂತೆ ಸೌಕರ್ಯವೆಂದು ನೋಡಬೇಕು ಎಂಬ ಅರ್ಥದ ಮಾತನ್ನೂ ಹೇಳಿತು. ಎರಡು ಬಗೆಗಳನ್ನು ಬೇರೆಯಾಗಿಡಿ ಎಂದು ನಾನು ಮೊದಲೇ ಹಟ ಹಿಡಿದದ್ದು ಇದಕ್ಕೆ.

ಸೊನ್ನೆಯಿಂದ ಐದರವರೆಗೆ

ಸುದ್ದಿಗಳಲ್ಲಿ ಬರುವ ‘ಎರಡನೆಯ ಹಂತ’, ‘ಮೂರನೆಯ ಹಂತ’ ಎಂಬ ಮಾತುಗಳು ವಾಹನ ಎಂಜಿನಿಯರರ ಸಂಘ ಎಸ್‌ಎಇ 2014ರಲ್ಲಿ ಮೊದಲು ಪ್ರಕಟಿಸಿದ ಪಟ್ಟಿಯವು. ಸೊನ್ನೆಯಲ್ಲಿ ಓಡಿಸುವುದೆಲ್ಲ ಮನುಷ್ಯನೇ. ತುರ್ತು ಬ್ರೇಕ್ ಇದ್ದರೂ ಅದು ಸೊನ್ನೆಯೇ. ವೇಗ ಅಥವಾ ಸ್ಟಿಯರಿಂಗ್ ಒಂದನ್ನು ವಹಿಸಿಕೊಂಡರೆ ಒಂದು, ಎರಡನ್ನೂ ವಹಿಸಿಕೊಂಡರೆ ಎರಡು. ಇಂದು ಮನೆಮನೆಯಲ್ಲಿರುವ ಕಾರುಗಳು ಇಲ್ಲಿಗೆ ನಿಲ್ಲುತ್ತವೆ, ಜಾಹೀರಾತು ಏನೇ ಹೇಳಲಿ.

ಎರಡಕ್ಕೂ ಮೂರಕ್ಕೂ ನಡುವೆ ಇರುವುದು ದೊಡ್ಡ ಕಂದಕ. ಮೂರರಲ್ಲಿ, ನಿಗದಿಯಾದ ಸ್ಥಿತಿಯಲ್ಲಿ, ರಸ್ತೆ ನೋಡುವ ಹೊಣೆ ಕಾರಿನದು. ಕರೆದಾಗ ಮಾತ್ರ ಚಾಲಕ ಬರಬೇಕು. 2021ರ ಮಾರ್ಚಿನಲ್ಲಿ ಹೋಂಡಾ ಜಪಾನಿನಲ್ಲಿ ಇಂಥ 100 ಕಾರುಗಳನ್ನು ಬಾಡಿಗೆ ಕರಾರಿನ ಮೇಲೆ ಕೊಟ್ಟಿತು. ಮರ್ಸಿಡಿಸ್ 2022ರಲ್ಲಿ ಜರ್ಮನಿಯ ಹೆದ್ದಾರಿಗಳಲ್ಲಿ, ದಟ್ಟಣೆಯಿದ್ದಾಗ, 60 ಕಿ.ಮೀ. ಮಿತಿಯೊಳಗೆ ಆರಂಭಿಸಿತು. ಇಂಥ ಕಾರು ಚಾಲಕನನ್ನು ಕರೆದ ಮೇಲೆ ಕನಿಷ್ಠ 10 ಸೆಕೆಂಡು ಕಾಯಬೇಕು ಎಂಬುದು ವಿಶ್ವಸಂಸ್ಥೆಯ ನಿಯಮ. ಗಾಢ ಯೋಚನೆಯಲ್ಲಿದ್ದವನಿಗೆ ರಸ್ತೆಯ ಚಿತ್ರ ಮತ್ತೆ ತಲೆಗೆ ಹತ್ತಲು ಅಷ್ಟಾದರೂ ಬೇಕು. ನಾಲ್ಕರಲ್ಲಿ ಗೊತ್ತಾದ ಪ್ರದೇಶದೊಳಗೆ ಚಾಲಕನೇ ಬೇಡ. ವೇಮೊ ಕಂಪನಿಯ ಟ್ಯಾಕ್ಸಿಗಳು 2020ರಿಂದ ಅಮೆರಿಕದ ಫೀನಿಕ್ಸ್‌ನಲ್ಲಿ ಹೀಗೆ ಸಾರ್ವಜನಿಕರನ್ನು ಕರೆದೊಯ್ಯುತ್ತಿವೆ. ಐದು, ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ತಾನೇ ಹೋಗುವುದು, ಇನ್ನೂ ಕಾಗದದ ಮೇಲಿದೆ.

ಮನೆಯ ಮಟ್ಟಿಗೆ

ಮಾವನವರು ‘ಆರಿಸಿಬಿಡಿ’ ಎಂದದ್ದರಲ್ಲಿ ಅರ್ಧ ಸಾಧ್ಯ. ಲೇನ್ ಹಿಡಿಯುವುದನ್ನು ಬೇಡದಿದ್ದರೆ ಬಳಸದೆ ಬಿಡಬಹುದು. ಗೆರೆಗಳಿಲ್ಲದ ಬಡಾವಣೆಯ ರಸ್ತೆಯಲ್ಲಿ ಅದು ಹೇಗೂ ಕೆಲಸ ಮಾಡುವುದಿಲ್ಲ. ತುರ್ತು ಬ್ರೇಕನ್ನು ಅನೇಕ ಕಾರುಗಳಲ್ಲಿ ಆರಿಸಬಹುದಾದರೂ ಮುಂದಿನ ಸಲ ಕಾರು ಚಾಲೂ ಮಾಡಿದಾಗ ಅದೂ ತಾನಾಗಿ ಮತ್ತೆ ಚಾಲೂ ಆಗುತ್ತದೆ. ಆರಿಸುವುದಕ್ಕಿಂತ ಎಚ್ಚರಿಕೆಯನ್ನು ‘ಬೇಗ’ದಿಂದ ‘ತಡ’ಕ್ಕೆ ಸರಿಸುವ ಆಯ್ಕೆ ಇದ್ದರೆ ಅದು ಮೇಲು. ಸುಮ್ಮಸುಮ್ಮನೆ ಕೂಗುವ ಯಂತ್ರ ‘ತೋಳ ಬಂತು ತೋಳ’ ಎಂದ ಹುಡುಗನ ಪಾಡಾಗುತ್ತದೆ.

ಮಗಳು ಕಲಿಯುವಾಗ ಅಂತರ ಕಾಯುವ ಕ್ರೂಸ್ ಕಂಟ್ರೋಲನ್ನು ಬಳಸುತ್ತಿಲ್ಲ. ಅಂತರ ಅಳೆಯುವುದನ್ನು ಅವಳ ಕಣ್ಣು ಮೊದಲು ಕಲಿಯಲಿ. ಹಿಮ್ಮುಖ ಕ್ಯಾಮೆರಾ ಮಾತ್ರ ಮೊದಲ ದಿನದಿಂದ ಇದೆ: ಕಾರಿನ ಬೆನ್ನ ಹಿಂದೆ ಕುಳಿತ ಪುಟ್ಟ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ, ಎಷ್ಟು ವರ್ಷದ ಅನುಭವವಿದ್ದರೂ ಕಾಣುವುದಿಲ್ಲ. ಅಮೆರಿಕ ಅದನ್ನು 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು ಮುಖ್ಯವಾಗಿ ಇಂಥ ಸಾವುಗಳನ್ನು ಕಂಡೇ.

ಮುಂದಿನ ಗಾಜು ಒಡೆದು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಗುರಿಗೆ ಹೊಂದಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ದೂರದಲ್ಲಿ ಅದು ಪಕ್ಕದ ಲೇನನ್ನು ನೋಡುತ್ತಿರುತ್ತದೆ. ಗಾಜು ಹಾಕುವವರನ್ನು ಇದನ್ನು ಮಾಡಿದ್ದೀರಾ ಎಂದು ಕೇಳಿ ಬರಹದಲ್ಲಿ ಪಡೆಯಿರಿ.

ಕಳೆದ ವಾರ ಮಳೆಯಲ್ಲಿ ಬಂದ ಮೇಲೆ ಫಲಕದಲ್ಲಿ ‘ಮುಂದಿನ ರೇಡಾರ್ ಲಭ್ಯವಿಲ್ಲ’ ಎಂಬ ಸೂಚನೆ ಮೂಡಿತು. ನಾನು ಕೈಪಿಡಿ ಹುಡುಕುತ್ತಿದ್ದಾಗ ಮಾವನವರು ಹಳೆಯ ಬಟ್ಟೆ ಹಿಡಿದು ಹೊರಗೆ ಹೋದರು. ಲಾಂಛನದ ಮೇಲೆ ಬೆರಳು ದಪ್ಪ ಕೆಸರು ಕುಳಿತಿತ್ತು. ಒರೆಸಿದ ಮೇಲೆ ಸೂಚನೆ ಹೋಯಿತು. ‘ಇದರ ಕಣ್ಣಿಗೂ ಪೊರೆ ಬರುತ್ತದೆ ಅನ್ನು’ ಎಂದರು. ಈಗ ಬೆಳಿಗ್ಗೆ ಕಾರು ತೆಗೆಯುವ ಮೊದಲು ಬಟ್ಟೆ ಹಿಡಿದು ನಿಲ್ಲುವವರು ಅವರೇ.